ಅಡ್ಡ ಇಟ್ಟ ಚಮಚ

2011ನೇ ಇಸವಿ ನವೆಂಬರ್ 17, ಗುರುವಾರ, ಮಧ್ಯಾಹ್ನ ಮೂರು ಗಂಟೆ. ರೂಸೆ ಪಟ್ಟಣದ ಅಲೆಕ್ಸಾಂದ್ರೊವ್ಸ್ಕಾ ಬೀದಿಯಲ್ಲಿ, ಬೀಗದ ಕೈ ಮಾಡಿಕೊಡುವವನ ಅಂಗಡಿಯ ರೇಡಿಯೋ ದಾನ್ಯೂಬ್ ಹೊಳೆಯ ನೀರಿನ ಮಟ್ಟವನ್ನು ಓದತೊಡಗಿದಾಗ ಸ್ಪಾಸ್ ಕಾಲ್ಚೆವ್ ಎಂದಿನಂತೆ ನಿಂತು ಕೇಳಿದ. ಊರಿನ ಹೆಸರು, ಸಂಖ್ಯೆ, ನಿನ್ನೆಗಿಂತ ಎಷ್ಟು ಕಡಿಮೆ. ಮತ್ತೆ ಊರಿನ ಹೆಸರು, ಸಂಖ್ಯೆ. ರೂಸೆಯ ಸಂಖ್ಯೆ ಅವನದೇ. ಬೆಳಿಗ್ಗೆ ದಂಡೆಯ ಮೆಟ್ಟಿಲಿಳಿದು, ಪಾಚಿ ಒಣಗಿ ಬಿರುಕು ಬಿಟ್ಟಿದ್ದ ಅಳತೆಗಂಬದ ಮುಂದೆ ಕುಕ್ಕರಗಾಲಲ್ಲಿ ಕೂತು ಓದಿ, ರಾಜಧಾನಿಗೆ ಫೋನಿನಲ್ಲಿ ಹೇಳಿದ್ದು. ಈಗ ಅದೇ ಸಂಖ್ಯೆ ಯಾವಳೋ ಅಪರಿಚಿತಳ ಇಸ್ತ್ರಿ ಹಾಕಿದ ಧ್ವನಿಯಲ್ಲಿ ವಾಪಸು ಬಂದಾಗ ಬೇರೆ ಯಾರದೋ ಹೊಳೆ, ಬೇರೆ ಯಾರೋ ಕಂಡದ್ದು ಅನ್ನಿಸುತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ ಹೀಗೆ ಅನ್ನಿಸುತ್ತ ಬಂದಿತ್ತು, ಅದರಲ್ಲಿ ಅವನಿಗೊಂದು ನೆಮ್ಮದಿಯೂ ಇತ್ತು. ತನ್ನ ಬಾಯಿಂದ ಹೋದದ್ದು ಇನ್ನೊಬ್ಬರ ಬಾಯಿಂದ ತಿರುಗಿ ಬರುವವರೆಗೆ ಅದು ಬರೀ ತನ್ನ ಅನಿಸಿಕೆ. ಬಂದ ಮೇಲೆ ವಾಸ್ತವ. ಇವತ್ತು ಮಾತ್ರ ಆ ನೆಮ್ಮದಿ ಬರಲಿಲ್ಲ. ಇನ್ನೊಂದು ಗಂಟೆಯಲ್ಲಿ, ಅವನ ಬಾಯಿಂದ ಎಂದೂ ಹೊರಡದ ಮಾತುಗಳು ಇನ್ನೊಬ್ಬರ ಬಾಯಿಂದ ಬರುವುದಿತ್ತು.

ಆ ಇನ್ನೊಬ್ಬರು ರಾದೋಸ್ವೆತಾ ತಿನೆವಾ. 'ಶಮಂದೂರ' ಎಂಬ ಕಥೆ ಕವಿತೆಗಳ ಪತ್ರಿಕೆಯ ಪ್ರಧಾನ ಸಂಪಾದಕಿ, ಊರವರಿಗೆಲ್ಲ ರಾದಾ. ಒಂದು ಕಾಲಕ್ಕೆ ನಾಟಕದ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದವಳು, ಅದೇ ಕಾಲಕ್ಕೆ ಹನ್ನೊಂದು ವರ್ಷ ಸ್ಪಾಸ್‌ನ ಹೆಂಡತಿಯೂ ಆಗಿದ್ದವಳು. ಶಮಂದೂರ ಎಂದರೆ ಹಡಗಿಗೆ ದಾರಿ ತೋರಿಸಲೆಂದು ಹೊಳೆಯಲ್ಲಿ ಸರಪಳಿ ಬಿಗಿದು ತೇಲಬಿಟ್ಟ ಕೆಂಪು ಪೀಪಾಯಿ. ಹೆಸರಿಡುವಾಗ ದಾರಿ ತೋರಿಸುವುದಷ್ಟೇ ಮನಸ್ಸಿನಲ್ಲಿತ್ತು. ಅದು ಒಳಗೆ ಟೊಳ್ಳು, ಇದ್ದಲ್ಲೇ ಕುಣಿಯುತ್ತದೆ, ಎಲ್ಲಿಗೂ ಹೋಗುವುದಿಲ್ಲ ಎಂಬುದನ್ನು ಎದುರಾಳಿ ಪತ್ರಿಕೆಯವರು ಆಮೇಲೆ ಬರೆದು ತೋರಿಸಿದರು. ವಿಚ್ಛೇದನವಾದಾಗ ಫ್ಲಾಟು ಅವನಿಗೆ, ಕಾರು ಅವಳಿಗೆ ಎಂದು ಜಗಳವಿಲ್ಲದೆ ಹಂಚಿಹೋಯಿತು. ಪತ್ರಿಕೆಯನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಬೇರೆಯಾದ ಬೇರೆ ದಂಪತಿಗಳು ವಾರಕ್ಕೊಮ್ಮೆ ಮಕ್ಕಳನ್ನು ನೋಡುವ ಹಾಗೆ ಇವರು ಗುರುವಾರ ಗುರುವಾರ ವಾಚನಾಲಯದ ಮೇಲಿನ ಕೋಣೆಯಲ್ಲಿ ಇದನ್ನು ನೋಡುತ್ತಿದ್ದರು. ಮಗು ಬೆಳೆಯಲಿಲ್ಲ. ವರ್ಷಕ್ಕೆ ಎರಡು ಸಂಚಿಕೆ, ಒಮ್ಮೊಮ್ಮೆ ಎರಡೂ ಸೇರಿ ಒಂದು. ಮೆಟ್ಟಿಲ ಕೆಳಗೆ ಪೇರಿಸಿದ್ದ ಮಾರಾಟವಾಗದ ಪ್ರತಿಗಳ ಮೇಲೆ ವಾಚನಾಲಯದ ಬೆಕ್ಕು ಮೂರು ಸಲ ಮರಿ ಹಾಕಿತ್ತು. ಸಾಹಿತ್ಯದಿಂದ ಜೀವ ಹುಟ್ಟುತ್ತದೆ ಎನ್ನುವುದಕ್ಕೆ ಈ ಊರಿನಲ್ಲಿ ಸಿಗುವ ಪುರಾವೆ ಇದೊಂದೇ ಎಂದು ಮೂರನೆಯ ಸಂಪಾದಕ ಲ್ಯುದ್ಮಿಲ್ ಗಬೆರೊವ್ ಹೇಳುತ್ತಿದ್ದ. ಲ್ಯುದ್ಮಿಲ್ ವಿಶ್ವವಿದ್ಯಾಲಯದ ಅಧ್ಯಾಪಕ, ವಯಸ್ಸಿನಲ್ಲಿ ಇವರಿಬ್ಬರಿಗಿಂತ ಚಿಕ್ಕವನು. ಸಾಹಿತ್ಯದಲ್ಲಿ ಮೌನ ಎಂಬ ವಿಷಯದ ಮೇಲೆ ಎಂಟುನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟು ಪಡೆದವನು.

ಪತ್ರಿಕೆಗೊಂದು ಪದ್ಧತಿಯಿತ್ತು. ಅದು ಸ್ಪಾಸ್‌ನದೇ ಸೃಷ್ಟಿ. ಮೊದಲೆಲ್ಲ ಮೂವರೂ ಹಸ್ತಪ್ರತಿಗಳನ್ನು ಮನೆಗೊಯ್ದು ಓದಿ ಬಂದು ಅಭಿಪ್ರಾಯ ಹೇಳುತ್ತಿದ್ದರು. ಒಂದೇ ಕಥೆ ಒಬ್ಬರಿಗೆ ಪಾತಾಳ, ಇನ್ನೊಬ್ಬರಿಗೆ ಮೊಣಕಾಲುದ್ದ. ಇಡೀ ದಿನ ನೀರಿನ ಮಟ್ಟ ಅಳೆಯುವವನಿಗೆ ಇದು ಅಸಹ್ಯವೆನಿಸಿತ್ತು. ಹಾಗಾಗಿ ನಿಯಮ ಮಾಡಿದ. ಲೇಖಕನ ಹೆಸರಿರುವ ಹಾಳೆ ಲಕೋಟೆಯಲ್ಲೇ ಉಳಿಯಬೇಕು. ರಾದಾ ಗಟ್ಟಿಯಾಗಿ ಓದಬೇಕು. ಕೇಳುವ ಇಬ್ಬರ ಮುಂದೆ ಒಂದೊಂದು ಕಪ್ಪು ಕಾಫಿ, ಒಂದೊಂದು ಚಮಚ. ಇನ್ನು ಸಾಕು ಅನ್ನಿಸಿದವನು ತುಟಿ ಬಿಚ್ಚದೆ ಚಮಚವನ್ನು ಕಪ್ಪಿನ ಬಾಯಿಗೆ ಅಡ್ಡ ಇಡಬೇಕು. ಓದು ಅಲ್ಲಿಗೆ ನಿಲ್ಲುತ್ತದೆ. ಒಬ್ಬನ ಚಮಚ ಸಾಕು. ಇಟ್ಟ ಚಮಚ ಎತ್ತುವ ಹಾಗಿಲ್ಲ. ಕೊನೆಯವರೆಗೂ ಕೇಳುತ್ತೇನೆ ಎನ್ನುವವನು ತನ್ನ ಚಮಚವನ್ನು ಸಕ್ಕರೆ ಡಬ್ಬಿಯಲ್ಲಿ ಚುಚ್ಚಿ ಕೈಕಟ್ಟಿ ಕೂರಬಹುದು. ಕೊನೆ ಮುಟ್ಟಿದ ಕಥೆ ಅಚ್ಚಾಗುತ್ತದೆ. ನಡುವೆ ನಿಂತದ್ದನ್ನು ಸ್ಪಾಸ್ ಉಕ್ಕಿನ ಅಡಿಪಟ್ಟಿಯಿಂದ ಅಳೆದು, ಮೊದಲ ಸಾಲಿನಿಂದ ನಿಂತ ಸಾಲಿನವರೆಗೆ ಎಷ್ಟು ಸೆಂಟಿಮೀಟರ್ ಓದಲಾಯಿತು ಎಂದು ಹಸ್ತಪ್ರತಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಲೇಖಕನಿಗೆ ವಾಪಸು ಕಳಿಸುತ್ತಾನೆ. ಕಾರಣ, ಸಮಾಧಾನ, ಮುಂದಿನ ಸಲ ಪ್ರಯತ್ನಿಸಿ, ಇಂಥದ್ದೇನೂ ಇಲ್ಲ.

ಊರಿನ ಲೇಖಕರು ಮೊದಲು ಸಿಟ್ಟಾದರು, ಆಮೇಲೆ ಒಗ್ಗಿಕೊಂಡರು, ಕೊನೆಗೆ ಅದರಲ್ಲೇ ಮಾತಾಡತೊಡಗಿದರು. ಕಾಫಿ ಅಂಗಡಿಗಳಲ್ಲಿ ಕವಿಗಳು "ಹೋದ ಚಳಿಗಾಲದಲ್ಲಿ ನಾನು ನಲವತ್ತು ದಾಟಿದ್ದೆ" ಎಂದು ಹೇಳಿಕೊಳ್ಳುವುದನ್ನು ಸ್ಪಾಸ್ ಕಿವಿಯಾರೆ ಕೇಳಿದ್ದ. ಒಬ್ಬ ನಿವೃತ್ತ ಕರ್ನಲ್ ತನ್ನದೇ ಅಡಿಪಟ್ಟಿ ಹಿಡಿದು ಬಂದು, ಹಾಳೆಯ ಮೇಲಿನ ಖಾಲಿ ಅಂಚು ತನ್ನ ಕೃತಿಯ ಭಾಗ, ಅದನ್ನೂ ಸೇರಿಸಿ ಎಂದು ವಾದಿಸಿದ್ದ. ಸಾಲುಗಳ ನಡುವೆ ಹೆಚ್ಚು ಜಾಗ ಬಿಟ್ಟು ಟೈಪು ಮಾಡಿಸಿ ಸೆಂಟಿಮೀಟರ್ ಕದಿಯುವವರು ಹುಟ್ಟಿಕೊಂಡ ಮೇಲೆ ಸ್ಪಾಸ್ ಅದಕ್ಕೊಂದು ತಿದ್ದುಪಡಿ ಕೋಷ್ಟಕ ತಯಾರಿಸಿದ. ಒಮ್ಮೆ ಒಬ್ಬ ಶಾಲಾಮಾಸ್ತರಿಣಿಯ ಕಾದಂಬರಿಯ ಅಧ್ಯಾಯ ಓದುತ್ತಿರುವಾಗ, ಪಕ್ಕದ ಹಾಲಿನಲ್ಲಿ ಜಾನಪದ ಕುಣಿತ ಕಲಿಯುವವರು ಒಟ್ಟಿಗೆ ಬಲಗಾಲು ಅಪ್ಪಳಿಸಿದ ರಭಸಕ್ಕೆ ಮೇಜು ಅಲುಗಿ, ಸಾಸರಿನ ಅಂಚಿನಲ್ಲಿದ್ದ ಲ್ಯುದ್ಮಿಲ್‌ನ ಚಮಚ ತಾನಾಗಿ ಉರುಳಿ ಕಪ್ಪಿಗೆ ಅಡ್ಡ ಬಿತ್ತು. ಆ ಚಮಚ ಸಿಂಧುವೋ ಅಸಿಂಧುವೋ ಎಂದು ಎರಡು ಗುರುವಾರ ಚರ್ಚೆಯಾಯಿತು. ಸಿಂಧು ಎಂದು ಸಾಧಿಸಿದವನು ಸ್ಪಾಸ್. ಹೊಳೆಯಲ್ಲಿ ಹಡಗು ಹೋಗಿ ಅಲೆಯೆದ್ದು ಕಂಬ ನೆನೆದರೆ ನೆನೆದಲ್ಲಿಗೇ ಗುರುತು ಎಂದು ಅವನು ಅಂದದ್ದು ನಿಜವಲ್ಲ, ಹಾಗೆ ಯಾರೂ ಗುರುತು ಹಾಕುವುದಿಲ್ಲ; ಆದರೆ ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಆ ಮಾಸ್ತರಿಣಿ ಮೆಟ್ಟಿಲ ಹತ್ತಿರ ನಿಂತು ಅತ್ತಿದ್ದಳು. ಅವಳ ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದಿತ್ತು. ಆ ಗುಂಡಿಯನ್ನು ನೋಡುತ್ತ ಅವನು, "ಚಮಚ ಎತ್ತೋಕಾಗಲ್ಲಮ್ಮ, ಒಂದ್ಸಲ ಎತ್ತಿದ್ರೆ ಆಮೇಲೆ ಅದು ಚಮಚ ಅಷ್ಟೇ" ಅಂದಿದ್ದ. ಮಾತು ಚೆನ್ನಾಗಿ ಬಂತು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅನ್ನಿಸಿತ್ತು.

ಇಷ್ಟು ವರ್ಷ ಅವನು ಒಂದು ಸಾಲನ್ನೂ ಬರೆದಿರಲಿಲ್ಲ. ಈ ಬೇಸಿಗೆಯಲ್ಲಿ ಬರೆದ. ಹೊಳೆ ಬತ್ತುತ್ತ ಬತ್ತುತ್ತ, ಎಂದೂ ಕಾಣದ ಅಡಿಯ ಕಲ್ಲುಗಳು, ಒಂದು ದೋಣಿಯ ಪಕ್ಕೆಲುಬು, ಯಾರದೋ ಸೈಕಲ್ಲು ಒಂದೊಂದಾಗಿ ಮೇಲೆ ಬಂದವು. ಅದನ್ನು ನೋಡಿ ಬರೆದ ಅನ್ನಲೂಬಹುದು, ಆದರೆ ಅಂಥ ಹೋಲಿಕೆಗೆ ಅವನು ಬೇರೆಯವರ ಕಥೆಯಲ್ಲಾದರೆ ಚಮಚ ಇಡುತ್ತಿದ್ದ. ಕಥೆಯಲ್ಲಿ ಒಬ್ಬ ಗಂಡಸು ದಿನಾ ಬೆಳಿಗ್ಗೆ ಹೊಳೆ ಅಳೆದು ಮನೆಗೆ ಬಂದು ಹೆಂಡತಿಗೆ ಸಂಖ್ಯೆ ಹೇಳುತ್ತಾನೆ. ಒಂದು ದಿನ ಅವಳು, ಮೇಜಿನ ಮೇಲೆ ಚೆಲ್ಲಿದ ಮಸಾಲೆ ಉಪ್ಪಿನಲ್ಲಿ ಬೆರಳಾಡಿಸುತ್ತ ಒಂದು ಮಾತು ಕೇಳುತ್ತಾಳೆ. ಅವನು ಅದಕ್ಕೂ ಸಂಖ್ಯೆಯನ್ನೇ ಹೇಳುತ್ತಾನೆ. ಅವಳು ನಕ್ಕು ಉಪ್ಪನ್ನು ಅಂಗೈಗೆ ಬಳಿದುಕೊಂಡು ತೊಟ್ಟಿಗೆ ಹಾಕುತ್ತಾಳೆ. ಅಷ್ಟೇ ನಡೆಯುವುದು. ಆಮೇಲಿನ ಆರು ಪುಟ, ಅವನು ಹೇಳದೆ ಬಿಟ್ಟದ್ದು: ಸಂಜೆ ಬರುವಾಗ ಮೂಲೆ ತಿರುಗಿ ಮೂರನೆಯ ಮಹಡಿಯ ಕಿಟಕಿಯಲ್ಲಿ ದೀಪ ಕಾಣುವವರೆಗೆ ಉಸಿರು ಬಿಗಿಹಿಡಿದೇ ನಡೆಯುತ್ತಿದ್ದದ್ದು, ದೀಪ ಕಂಡರೂ ಅದನ್ನು ಅವಳು ಹೊರಡುವ ಅವಸರದಲ್ಲಿ ಆರಿಸಲು ಮರೆತದ್ದಿರಬಹುದೆಂದು ಮೆಟ್ಟಿಲು ಹತ್ತುವಾಗ ಹೆದರುತ್ತಿದ್ದದ್ದು, ಕೊನೆಗೆ 'ಹೋಗಬೇಡ' ಎಂಬ ಒಂದು ಪದ. ಹೆಂಗಸಿಗೆ ಕಾಲಿನಾ ಎಂದು ಹೆಸರಿಟ್ಟ. ಉಪ್ಪನ್ನು ಬದಲಾಯಿಸಲು ಮನಸ್ಸಾಗಲಿಲ್ಲ. ಅದು ಅಚ್ಚಾಗಬೇಕೆಂಬ ಆಸೆಯೂ ಅಷ್ಟಿರಲಿಲ್ಲ. ರಾದಾ ಅದನ್ನು ಓದಬೇಕು, ಗಟ್ಟಿಯಾಗಿ, ಕೊನೆಯ ಪದದವರೆಗೆ, ಅವಳ ಬಾಯಿಂದ ಅದು ತನಗೆ ಕೇಳಿಸಬೇಕು. ಅವಳಿಗೆ ಗೊತ್ತಾದರೆ ಆಗಲಿ, ಆಗದಿದ್ದರೆ ಇನ್ನೂ ಒಳ್ಳೆಯದು. ಟೈಪು ಮಾಡಿಸಿ, ಇಲ್ಲದ ಹೆಸರೊಂದನ್ನು ಹಾಕಿ, ಬಸ್ಸು ಹತ್ತಿ ರಾಜ್‌ಗ್ರಾದ್‌ಗೆ ಹೋಗಿ ಅಲ್ಲಿಂದ ಅಂಚೆಗೆ ಹಾಕಿ ಬಂದ. ವಾಪಸು ಬರುವಾಗ ಬಸ್ಸಿನಲ್ಲಿ, ಪರಸ್ತ್ರೀಯ ಮನೆಯಿಂದ ಬರುವವನ ಹಾಗೆ ಮುಖ ಬಿಸಿಯಾಗಿತ್ತು.

"ಏನು ಸ್ಪಾಸಣ್ಣ, ಹೊಳೆ ಇನ್ನೂ ಅಲ್ಲೇ ಇದೆಯಾ, ಇಲ್ಲಾ ಆಚೆ ದಡದ ರೊಮೇನಿಯಾದವರು ಎತ್ಕೊಂಡು ಹೋದ್ರಾ?" ವಾಚನಾಲಯದ ಮೇಲಿನ ಕೋಣೆಯ ಬಾಗಿಲು ತೆರೆಯುತ್ತಲೇ ಲ್ಯುದ್ಮಿಲ್ ಕೇಳಿದ.

"ಇದೆ. ಸ್ವಲ್ಪ ಕೆಳಗಿದೆ."

"ನಮ್ಮ ಚಂದಾದಾರರ ಹಾಗೆ ಅನ್ನಿ."

"ಶೂ ಒರೆಸ್ಕೊಂಡು ಬಾ," ಅಂದಳು ರಾದಾ, ಒಲೆಯ ಮೇಲಿನ ಕಾಫಿಯಿಂದ ಕಣ್ಣು ತೆಗೆಯದೆ. "ನಿನ್ನ ಹೊಳೆ ನನ್ನ ಜಮಖಾನದ ಮೇಲೆ ಬೇಡ."

ಅವನು ಒರೆಸಿಕೊಂಡ. ಲಕೋಟೆಗಳ ಕಟ್ಟು ಮೇಜಿನ ಮೇಲಿತ್ತು. ಮೇಲಿನಿಂದ ಮೂರನೆಯದು ತನ್ನದು ಎಂದು ಅಂಚಿನ ಬಣ್ಣದಿಂದಲೇ ಗೊತ್ತಾಯಿತು. ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದ. ಕಣ್ಣು ತಿರುಗಿಸಿದ್ದು ಅತಿಯಾಯಿತೇನೋ ಎಂದು ಮತ್ತೆ ಕಟ್ಟನ್ನು ನೋಡಿದ. ಹಾಗೆ ನೋಡುವುದು ಎಂದಿನ ತನ್ನ ನೋಟ ಹೌದೋ ಅಲ್ಲವೋ ಎಂದು ಸಂಶಯ ಬಂತು. ರಾದಾ ಕಾಫಿ ಬಗ್ಗಿಸಿದಳು. ಓದುವವಳಿಗೆ ಚಮಚವಿಲ್ಲ. ಅವನ ಚಮಚದ ಹಿಡಿಯಲ್ಲಿ ಒಂದು ಹಡಗಿನ ಚಿತ್ರ ಸವೆದು ಮೀನಿನ ಹಾಗೆ ಕಾಣುತ್ತಿತ್ತು. ಅವಳ ತಾಯಿ ಮದುವೆಗೆ ಕೊಟ್ಟ ಆರು ಚಮಚಗಳಲ್ಲಿ ಉಳಿದ ಎರಡರಲ್ಲಿ ಅದೊಂದು.

ಮೊದಲ ಕಥೆ ಲ್ಯುದ್ಮಿಲ್‌ನ ವಿದ್ಯಾರ್ಥಿಯದು. ಹೆಸರು ಲಕೋಟೆಯಲ್ಲಿದ್ದರೂ ಅದು ಯಾರದೆಂದು ಮೂವರಿಗೂ ಗೊತ್ತಿತ್ತು, ಯಾರದೆಂದು ಗೊತ್ತಿಲ್ಲ ಎಂಬ ಮುಖವನ್ನೂ ಮೂವರೂ ಹೊತ್ತಿದ್ದರು. ಈ ಊರಿನಲ್ಲಿ ಹೆಸರು ಮುಚ್ಚಿ ಓದುವುದೆಂದರೆ, ಒಂದೇ ಬಚ್ಚಲಿರುವ ಮನೆಯಲ್ಲಿ ಬಾಗಿಲು ತಟ್ಟಿದಷ್ಟೇ ಮರ್ಯಾದೆಯ ವಿಷಯ. "'ಶೂನ್ಯದ ಅಂಚಿನಲ್ಲಿ ಇನ್ನೊಂದು ಶೂನ್ಯ ನಿಂತು ತನ್ನನ್ನು ತಾನು ನೋಡಿಕೊಂಡಿತು,'" ಎಂದು ರಾದಾ ಓದುತ್ತಿದ್ದಂತೆ ಲ್ಯುದ್ಮಿಲ್ ತನ್ನ ಚಮಚವನ್ನು ಸಕ್ಕರೆ ಡಬ್ಬಿಯಲ್ಲಿ ಚುಚ್ಚಿ ಕೈಕಟ್ಟಿದ. ಮೂರನೆಯ ಶೂನ್ಯ ಬರುವ ಹೊತ್ತಿಗೆ ಸ್ಪಾಸ್ ಚಮಚವನ್ನು ಅಡ್ಡ ಇಟ್ಟ.

"ಅಯ್ಯೋ ಸ್ಪಾಸಣ್ಣ, ಅದು ಇನ್ನೂ ಶುರುನೇ ಆಗಿರ್ಲಿಲ್ಲ."

"ಅದಕ್ಕೇ."

"ಆ ಹುಡುಗ, ಅಂದ್ರೆ ಯಾರೇ ಬರೆದಿರ್ಲಿ, ಮೌನದ ಕಡೆಗೆ ಹೊರಟಿದ್ದಾನೆ."

"ಬೇಗ ತಲುಪಿಸಿದೀನಲ್ಲ ಮತ್ತೆ," ಅಂದ ಸ್ಪಾಸ್. ಅಡಿಪಟ್ಟಿ ಇಟ್ಟು ಆರೂವರೆ ಎಂದು ಬರೆದ. ಬರೆಯುವಾಗಲೇ ಮಾಡಿದ ತಪ್ಪು ಹೊಳೆಯಿತು. ಲ್ಯುದ್ಮಿಲ್ ಮುಯ್ಯಿ ತೀರಿಸಿಕೊಳ್ಳುವವನು. ಮುಂದಿನದಕ್ಕೋ ಅದರ ಮುಂದಿನದಕ್ಕೋ ಅವನ ಚಮಚ ಬೀಳುವುದು ಖಂಡಿತ. ಎರಡನೆಯದರ ಮೇಲೆ ಬೀಳಲಿ ಎಂದು ಅವನು, ದೇವರಲ್ಲಿ ನಂಬಿಕೆಯಿಲ್ಲದವನು, ಬೇಡಿಕೊಂಡ. ಎರಡನೆಯದು ಕರ್ನಲ್‌ನ ಕಥೆ.

"ಕುದುರೆ ಬಂತು," ಅಂದಳು ರಾದಾ, ಮೊದಲ ಸಾಲಿಗೆ ಕಣ್ಣು ಹಾಯಿಸಿ. ಪ್ರತಿ ಸಲವೂ ಮೊದಲ ಸಾಲಿನಲ್ಲೇ ಕುದುರೆ ಸಾಯುತ್ತಿತ್ತು. ಈ ಸಲ ಎರಡನೆಯ ಸಾಲಿನವರೆಗೆ ಬದುಕಿತ್ತು. ಲ್ಯುದ್ಮಿಲ್‌ನ ಚಮಚ ಬಿತ್ತು. ಕುದುರೆಗೂ ವಿದ್ಯಾರ್ಥಿಗೂ ಲೆಕ್ಕ ಚುಕ್ತಾ ಆದಂತೆ ಅವನು ಉಸಿರುಬಿಟ್ಟ. ಸ್ಪಾಸ್ ಅಳೆದ.

"ಹೋದ ಸಲಕ್ಕಿಂತ ಒಂದು ಸೆಂಟಿಮೀಟರ್ ಮುಂದೆ ಹೋಗಿದಾರೆ."

"ಪಾರ್ಟಿ ಕೊಡಿಸ್ತಾರೆ ನೋಡ್ತಿರಿ," ಅಂದ ಲ್ಯುದ್ಮಿಲ್.

ಮೂರನೆಯ ಲಕೋಟೆ ಬಿಚ್ಚುವಾಗ ರಾದಾ ಅಂಚೆಯ ಮುದ್ರೆ ನೋಡಿದಳು. "ರಾಜ್‌ಗ್ರಾದ್. ಅಲ್ಲೂ ಬರೀತಾರಾ?" ಕನ್ನಡಕ ಏರಿಸಿದಳು. ಪಕ್ಕದ ಹಾಲಿನಲ್ಲಿ ಕುಣಿತ ಶುರುವಾಗಿತ್ತು. ಏಳು ಹೆಜ್ಜೆಯ ತಾಳ, ಏಳನೆಯದು ನೆಲ ಕಂತುವಷ್ಟು ಭಾರ. ಕಪ್ಪುಗಳು ಸಾಸರಿನಲ್ಲಿ ಸಣ್ಣಗೆ ಹಲ್ಲು ಕಡಿದವು. ಸ್ಪಾಸ್ ತನ್ನ ಚಮಚವನ್ನು ಕಪ್ಪಿನಿಂದ ದೂರ, ಕಿಟಕಿಯ ಕಡೆಗೆ ಸರಿಸಿದ, ಲ್ಯುದ್ಮಿಲ್‌ನ ಚಮಚವನ್ನೂ ಸರಿಸಬೇಕೆಂದು ಆಸೆಯಾಯಿತು.

ರಾದಾ ಓದತೊಡಗಿದಳು. ತನ್ನ ವಾಕ್ಯಗಳು ಅವಳ ಗಂಟಲಿನಲ್ಲಿ ಹೀಗಿರುತ್ತವೆಂದು ಅವನು ಊಹಿಸಿರಲಿಲ್ಲ. ಮನೆಯಲ್ಲಿ ತಾನೇ ಓದಿಕೊಂಡಾಗ ಅವು ನೆಲದ ಮೇಲೆ ಇಟ್ಟ ಪೆಟ್ಟಿಗೆಗಳಾಗಿದ್ದವು. ಅವಳು ಪ್ರತಿಯೊಂದರ ಮುಚ್ಚಳ ತೆಗೆದು ಒಳಗೆ ನೋಡಿ ಮುಂದಕ್ಕೆ ಹೋಗುತ್ತಿದ್ದಳು. ಮೊದಲ ಪುಟದ ನಡುವೆ ಒಂದು ವಿಶೇಷಣ ಹೆಚ್ಚಾಗಿತ್ತು, ಅದು ಬರುವ ಮೊದಲೇ ಅವನ ಬೆನ್ನು ಸೆಟೆಯಿತು. ಲ್ಯುದ್ಮಿಲ್ ಚಮಚ ಎತ್ತಿದ. ಕಾಫಿ ಕಲಕಿ ಕೆಳಗಿಟ್ಟ. ಅವನು ಸಕ್ಕರೆಯೇ ಹಾಕಿಕೊಂಡಿರಲಿಲ್ಲ, ಕಲಕಿದ್ದು ಏನನ್ನು? ಎರಡನೆಯ ಪುಟ. ಹೊರಗೆ ಮೋಡ ಸರಿದು ಮೇಜಿನ ಮೇಲೆ ಬಿಸಿಲು ಬಿತ್ತು. ರಾದಾಳ ಕುತ್ತಿಗೆಯ ಚರ್ಮ ಹಿಂದೆ ಇಲ್ಲದಿದ್ದ ಕಡೆ ಮಡಿಕೆಯಾಗಿತ್ತು, ಅದನ್ನು ಇಷ್ಟು ಗುರುವಾರಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ ಅನ್ನಿಸಿತು. ನಾಟಕ ಮುಗಿಸಿ ಬಣ್ಣ ತೊಳೆಯದೆ ಮನೆಗೆ ಬಂದು ಅಡಿಗೆಮನೆಯಲ್ಲಿ ನಿಂತೇ ಬ್ರೆಡ್ಡು ತಿನ್ನುತ್ತಿದ್ದಳು, ಹುಬ್ಬು ಕಪ್ಪಗೆ, ತುಟಿಯಿಂದ ಬಣ್ಣ ಬ್ರೆಡ್ಡಿಗೆ ಹತ್ತಿ, ಇವನು ಆ ದಿನದ ಸಂಖ್ಯೆ ಹೇಳುತ್ತಿದ್ದ, ಅವಳು ಬಾಯ್ತುಂಬ ಇಟ್ಟುಕೊಂಡೇ "ಏರಿತಾ?" ಅನ್ನುತ್ತಿದ್ದಳು. ಮೊದಮೊದಲು ಕೇಳುತ್ತಿದ್ದಳು. ಮೂರನೆಯ ಪುಟ. ಲ್ಯುದ್ಮಿಲ್ ಮೈಮುರಿದು ಮುಂದೆ ಬಾಗಿದ, ಚಮಚ ಕೈಗೆ ತೆಗೆದುಕೊಂಡ. ಲ್ಯುದ್ಮಿಲ್ ಅದನ್ನು ನಿಧಾನವಾಗಿ, ಯಾವ ಆಡಂಬರವೂ ಇಲ್ಲದೆ, ಸಕ್ಕರೆಯಲ್ಲಿ ಚುಚ್ಚಿಬಿಟ್ಟ.

ಇನ್ನು ಉಳಿದದ್ದು ಒಂದೇ ಚಮಚ. ತನ್ನದು. ಇದಕ್ಕೆ ಸಂತೋಷಪಡಬೇಕೆಂದು ಅವನಿಗೆ ತಿಳಿಯಿತು, ಬಂದದ್ದು ಸಂತೋಷವಲ್ಲ. ಕತ್ತಲೆಯ ಕೋಣೆಯಲ್ಲಿ ಇನ್ನು ಯಾರೂ ಇಲ್ಲ ಎಂದು ಖಚಿತವಾದ ಮೇಲೆ ಹುಟ್ಟುವ ಹೆದರಿಕೆ. ತಾನೂ ಸಕ್ಕರೆಯಲ್ಲಿ ಚುಚ್ಚಿದರೆ ಮುಗಿಯಿತು. ಆದರೆ ಸ್ಪಾಸ್ ಕಾಲ್ಚೆವ್ ಎಂದೂ ಸಕ್ಕರೆಯಲ್ಲಿ ಚುಚ್ಚಿದವನಲ್ಲ, ಕೊನೆಯ ಸಾಲಿನವರೆಗೆ ಕೈಯಳತೆಯಲ್ಲಿಟ್ಟುಕೊಂಡು ಕೂರುವವನು ಎಂಬುದು ಊರಿಗೇ ಗೊತ್ತಿದ್ದ ಸಂಗತಿ, ಅದನ್ನು ಇವತ್ತು ಮುರಿದರೆ ಲ್ಯುದ್ಮಿಲ್ ಬಿಡುತ್ತಾನೆಯೇ. ನಾಲ್ಕನೆಯ ಪುಟ. ಮೇಜು, ಬ್ರೆಡ್ಡು, ಚೆಲ್ಲಿದ ಮಸಾಲೆ ಉಪ್ಪು. ರಾದಾಳ ಧ್ವನಿ ಒಂದು ಮೆಟ್ಟಿಲು ಇಳಿಯಿತು. ಕಾಲಿನಾ ಉಪ್ಪಿನಲ್ಲಿ ಬೆರಳಿಟ್ಟು ಒಂದು ಗೆರೆ ಎಳೆದಳು, ಅದರ ಮೇಲೆ ಇನ್ನೊಂದು. ರಾದಾ ನಿಲ್ಲಿಸಿ ಎಂಜಲು ನುಂಗಿದಳು. ನಟಿಯ ವಿರಾಮವಾಗಿರಲಿಲ್ಲ ಅದು. ನಟಿಯ ವಿರಾಮಗಳೆಲ್ಲ ಅವನಿಗೆ ಪರಿಚಯವಿದ್ದವು.

"'ಹೊಳೆ ಸಮಾಚಾರ ರೇಡಿಯೋದಲ್ಲಿ ಬರುತ್ತೆ,'" ಎಂದು ಓದಿದಳು. "'ನಿನ್ನ ಸಮಾಚಾರ ಹೇಳು.'"

ಟಣ್ ಎಂಬ ಸಣ್ಣ ಸದ್ದು ಕೇಳಿಸಿತು. ಕುಣಿತದವರ ಏಳನೆಯ ಹೆಜ್ಜೆಗೆ ತನ್ನ ಚಮಚ ಉರುಳಿತೆಂದೇ ಸ್ಪಾಸ್ ಮೊದಲು ತಿಳಿದ. ಆಮೇಲೆ ತನ್ನ ಹೆಬ್ಬೆರಳು, ತೋರುಬೆರಳು ಇನ್ನೂ ಅದರ ಹಿಡಿಯ ಮೇಲಿರುವುದನ್ನು ನ್ಯಾಯಾಲಯದಲ್ಲಿ ತೋರಿಸುವ ಫೋಟೋ ನೋಡುವಂತೆ ನೋಡಿದ. ಕಿಟಕಿಯ ಕಡೆಗೆ ಸರಿಸಿಟ್ಟಿದ್ದ ಚಮಚ ಕಪ್ಪಿಗೆ ಅಡ್ಡ ಇತ್ತು.

"ಏನಾಯ್ತು ನಿಂಗೆ?" ಅಂದಳು ರಾದಾ. "ನಾನು ಓದ್ತಾ ಇದ್ದೆ."

"ನಾನಂತೂ ಕೇಳ್ತಾ ಇದ್ದೆ," ಅಂದ ಲ್ಯುದ್ಮಿಲ್. "ಯಾವನೋ ಪುಣ್ಯಾತ್ಮ, ರಾಜ್‌ಗ್ರಾದ್‌ನವನು, ಶೂನ್ಯ ಇಲ್ಲದೆ ನಾಲ್ಕು ಪುಟ ಬರೆದಿದಾನೆ. ಯಾಕೆ ಇಟ್ರಿ? ನೀವು ಸುಮ್ಸುಮ್ನೆ ಇಡೋರಲ್ಲ."

ಕಾರಣ ಕೇಳುವುದು ನಿಯಮದಲ್ಲಿರಲಿಲ್ಲ, ಆದರೆ ಚಮಚ ಬಿದ್ದ ಮೇಲೆ ಕಾರಣವನ್ನು ಚಪ್ಪರಿಸುವುದೇ ಗುರುವಾರದ ರುಚಿ. ಸ್ಪಾಸ್ ಬಾಯಿ ತೆರೆದ. ಏನು ಹೇಳುವುದೆಂದು ಗೊತ್ತಿರಲಿಲ್ಲ, ಆದರೆ ಇಷ್ಟು ವರ್ಷಗಳ ಅಭ್ಯಾಸಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ.

"ಆ ಮಾತು ಸುಳ್ಳು," ಅಂದ. "ನಾಲ್ಕು ಪುಟ ಸರಿಯಾಗಿ ಬಂದು ಅಲ್ಲಿ ಕೆಟ್ಟ. ಯಾವ ಹೆಂಗಸೂ ಗಂಡನ್ನ ಹಾಗೆ ಕೇಳಲ್ಲ. ಅದು ಬರೆಯೋನು ಕೂತ್ಕೊಂಡು ಹೊಸೆದಿರೋ ಮಾತು. ಅವಳ ಬಾಯಿಗೆ ತುರುಕಿದಾನೆ."

ಲ್ಯುದ್ಮಿಲ್ ಕಣ್ಣು ಕಿರಿದು ಮಾಡಿ ಯೋಚಿಸಿದ, ತಲೆಯಾಡಿಸಿದ, ಕೊನೆಗೆ ಮೆಚ್ಚುಗೆಯಿಂದ ಮೇಜು ಕುಟ್ಟಿದ. "ನಿಜ. ಈಗ ನೀವು ಹೇಳಿದ್ಮೇಲೆ ನನಗೂ ಕಾಣ್ತಿದೆ. ರೇಡಿಯೋ, ಸಮಾಚಾರ, ತುಂಬಾ ಜೋಡಿಸಿದ ಹಾಗಿದೆ. ಏನು ಕಿವಿ ಸ್ವಾಮಿ ನಿಮ್ಮದು. ನಾನು ಮೋಸ ಹೋಗಿದ್ದೆ."

"ಹೌದಾ," ಅಂದಳು ರಾದಾ. ಹಾಳೆಯನ್ನೇ ನೋಡುತ್ತಿದ್ದಳು. "ಯಾವ ಹೆಂಗಸೂ ಹಾಗೆ ಕೇಳಲ್ವಾ?"

ಅವನು ಸಕ್ಕರೆ ಡಬ್ಬಿಯನ್ನು ತುಸು ಆಚೆ ಸರಿಸಿದ.

"ಮುಂದೆ ಅವನು ಏನು ಉತ್ತರ ಕೊಡ್ತಾನೆ ಅಂತ ನೋಡೋಣ್ವಾ? ನಿಯಮ ಮಾಡಿದೋನು ನೀನೇ. ಒಂದ್ಸಲ ಎತ್ತು. ಯಾರು ಕೇಳ್ತಾರೆ ಇಲ್ಲಿ."

"ಎತ್ತಲಿ, ಎತ್ತಲಿ," ಎಂದು ಲ್ಯುದ್ಮಿಲ್ ನಗುತ್ತ ಕೋಟು ಹಾಕಿಕೊಂಡ, ಅವನಿಗೆ ಐದಕ್ಕೆ ತರಗತಿ ಇತ್ತು. "ಸ್ಪಾಸಣ್ಣ ಚಮಚ ಎತ್ತಿದ ದಿನ ಇಡೀ ಊರಿಗೆ ಗೊತ್ತಾಗುತ್ತೆ ಅಕ್ಕ, ಬರೆದೋನು ಅವರ ಭಾವಮೈದನೇ ಇರ್ಬೇಕು ಅಂತ. ಆ ಮಾಸ್ತರಿಣಿ ಮೊದಲು ಓಡಿ ಬರ್ತಾಳೆ."

ಚಮಚ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಸವೆದ ಹಡಗು, ಅಥವಾ ಮೀನು, ಮೇಲ್ಮುಖವಾಗಿ ಮಲಗಿತ್ತು. ಎತ್ತಿದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಲ್ಯುದ್ಮಿಲ್ ಒಂದು ವಾರ ನಗುತ್ತಾನೆ, ರಾದಾ ಓದುತ್ತಾಳೆ, ಆರು ಪುಟ, ದೀಪ, ಮೆಟ್ಟಿಲು, ಕೊನೆಯ ಪದ. ಆ ಪದವನ್ನು ಅವಳು ಹೇಳುತ್ತಾಳೆ. ಯಾರು ಯಾರಿಗೆ ಹೇಳಬೇಕಿತ್ತೋ ಅದು ತಿರುಗುಮುರುಗಾಗಿ, ಹೋಗಿ ಎಷ್ಟೋ ವರ್ಷವಾದವಳು ಕೂತಲ್ಲೇ ಕೂತವನಿಗೆ ಹೇಳಿದಂತಾಗುತ್ತದೆ. ಮಾಸ್ತರಿಣಿಯ ಗುಂಡಿಯ ಬಣ್ಣ ನೆನಪಾಯಿತು. ಹಸಿರು ಕೋಟಿನ ಮೇಲೆ ಕಂದು ಗುಂಡಿ.

"ಎತ್ತೋಕಾಗಲ್ಲ," ಅಂದ.

"ಅದಕ್ಕೇ ನೀವು ನಮ್ಮ ದೇವರು," ಎಂದು ಲ್ಯುದ್ಮಿಲ್ ಅವನ ಭುಜ ತಟ್ಟಿ ಹೋದ. ಮೆಟ್ಟಿಲಿನ ಮೇಲೆ ಅವನು ಬೆಕ್ಕಿಗೆ ಏನೋ ಹೇಳಿದ್ದು ಕೇಳಿಸಿತು. ಪಕ್ಕದ ಹಾಲಿನ ಸಂಗೀತವೂ ತಟ್ಟನೆ ನಿಂತಿತು. ಅವರು ನೀರು ಕುಡಿಯುವ ಹೊತ್ತು. ರಾದಾ ನಾಲ್ಕು ಹಾಳೆಗಳನ್ನು ಜೋಡಿಸಿ ಅವನ ಮುಂದೆ ಸರಿಸಿದಳು. ಉಳಿದ ಹಾಳೆಗಳ ಮೇಲೆ ಕೈಯಿಟ್ಟುಕೊಂಡೇ ಇದ್ದಳು, ತೆರೆಯಲಿಲ್ಲ. ಸ್ಪಾಸ್ ಅಡಿಪಟ್ಟಿ ತೆಗೆದ. ಮೂರು ಪುಟ ತುಂಬಿದವು, ಒಂದೊಂದೂ ಇಪ್ಪತ್ತನಾಲ್ಕು. ಸಾಲುಗಳ ನಡುವಿನ ಜಾಗ ಕೋಷ್ಟಕಕ್ಕೆ ಸರಿಯಾಗಿತ್ತು, ಅದನ್ನು ಟೈಪು ಮಾಡುವವನಿಗೆ ಅವನೇ ಹೇಳಿ ಮಾಡಿಸಿದ್ದ. ನಾಲ್ಕನೆಯ ಪುಟದಲ್ಲಿ ಆ ಪ್ರಶ್ನೆಯ ಸಾಲಿನ ಬುಡಕ್ಕೆ ಅಡಿಪಟ್ಟಿ ಇಟ್ಟ. ಒಂಬತ್ತರ ಮೇಲೆ ನಾಲ್ಕು ಗೆರೆ. ಐದಕ್ಕೆ ಹತ್ತಿರವೇ ಎಂದು ತಲೆ ವಾಲಿಸಿ ನೋಡಿದ. ಅಲ್ಲ, ನಾಲ್ಕೇ. ಈ ವರ್ಷ ತಿರಸ್ಕೃತವಾದವುಗಳಲ್ಲಿ ಇಷ್ಟು ದೂರ ಬಂದದ್ದು ಬೇರೆ ಇಲ್ಲ ಎಂಬ ಯೋಚನೆ ಬಂದು, ನಾಚಿಕೆಗಿಂತ ಒಂದು ಕ್ಷಣ ಮೊದಲು, ಎದೆಯಲ್ಲಿ ಸಣ್ಣದೊಂದು ಹೆಮ್ಮೆ ಮಿಸುಕಾಡಿತು.

ರಾದಾ ಇನ್ನೊಂದು ಕೈಯಿಂದ ಡಬ್ಬಿಯಲ್ಲಿದ್ದ ಲ್ಯುದ್ಮಿಲ್‌ನ ಚಮಚ ಕಿತ್ತಾಗ ಸಕ್ಕರೆ ಮೇಜಿನ ಮೇಲೆ ಚೆಲ್ಲಿತು. ಅದನ್ನು ಒರೆಸಲಿಲ್ಲ. ಬೆರಳಿಟ್ಟು ಒಂದು ಗೆರೆ ಎಳೆದಳು, ಅದರ ಮೇಲೆ ಇನ್ನೊಂದು ಎಳೆದಳು. ಕನ್ನಡಕ ತೆಗೆದಿದ್ದಳು. ಅದಿಲ್ಲದೆ ಅವಳಿಗೆ ಮೇಜಿನಾಚೆಯ ಮುಖ ಸರಿಯಾಗಿ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಕಾಣದಿರಲೆಂದೇ ತೆಗೆದಳೆಂದೂ ಗೊತ್ತಾಯಿತು.

"ಹೊಳೆ ಸಮಾಚಾರ ರೇಡಿಯೋದಲ್ಲಿ ಬರುತ್ತೆ ಸ್ಪಾಸ್," ಅಂದಳು. "ನಿನ್ನ ಸಮಾಚಾರ ಹೇಳು."

ಅವಳು ಕಾದಳು. ಈ ಸಲ ಆತುರವಿರಲಿಲ್ಲ ಅವಳಿಗೆ. ತರಗತಿಯಿಲ್ಲ, ನಾಟಕವಿಲ್ಲ, ಹೊರಡಲು ಬೇರೆ ಮನೆಯಿಲ್ಲ. ಉಳಿದ ಹಾಳೆಗಳ ಮೇಲಿದ್ದ ಅವಳ ಕೈ ಹಾಗೇ ಇತ್ತು. ಸ್ಪಾಸ್ ಅಡಿಪಟ್ಟಿಯನ್ನು ಇನ್ನೊಮ್ಮೆ ಸಾಲಿಗೆ ಹೊಂದಿಸಿಟ್ಟ, ಕಣ್ಣನ್ನು ನೇರ ಮೇಲಕ್ಕೆ ತಂದು, ಓರೆ ನೋಟದ ದೋಷ ತಗಲದ ಹಾಗೆ ಓದಿದ, ಮೂರು ಪುಟಗಳ ಮೊತ್ತ ಮನಸ್ಸಿನಲ್ಲಿ ಕೂಡಿಸಿದ, ಪೆನ್ಸಿಲು ಹುಡುಕಿ ಮೂಲೆಯಲ್ಲಿ ಬರೆದ.

"ಎಂಬತ್ತೊಂದು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್," ಅಂದ.